ದಪ್ಪ ಸೂಜಿ ಕೊಂಡ ಬುಧವಾರ

ನನ್ನ ಕನ್ನಡಕದ ಡಬ್ಬಿಯಲ್ಲಿ ಎರಡು ಸೂಜಿಗಳಿವೆ. ಒಂದು ಸಣ್ಣದು, ಒಂದು ದಪ್ಪದು. ಸಣ್ಣ ಸೂಜಿ ಯಾವಾಗಿನಿಂದಲೂ ಇದೆ. ದಪ್ಪ ಸೂಜಿಯನ್ನು ಆಗಸ್ಟ್ ತಿಂಗಳ ಒಂದು ಬುಧವಾರ ನಮ್ಮೂರು ಕುರಿಚಿಯಲ್ಲಿ ಬಸ್ ನಿಲ್ಲುವ ಜಾಗದ ಎದುರಿನ ಅಂಗಡಿಯಲ್ಲಿ ಕೊಂಡೆ. ಕೊಂಡ ದಿನದಿಂದ ಮುಂದಿನ ಪೊಂಗಲ್ ಕಳೆಯುವವರೆಗೆ, ಐದು ತಿಂಗಳು, ನಾನು ಹೆದರಿಕೊಂಡೇ ಎದ್ದೆ, ಹೆದರಿಕೊಂಡೇ ಉಂಡೆ, ಹೆದರಿಕೊಂಡೇ ಕೆಲಸಕ್ಕೆ ಹೋದೆ. ಅದನ್ನು ಇದ್ದದ್ದು ಇದ್ದ ಹಾಗೆ ಬರೆದಿಡುತ್ತೇನೆ.

ನಮ್ಮದು ನೇಯ್ಗೆಯ ಮನೆ. ಬಾಗಿಲ ಒಳಗೆ ಕನ್ನಡ, ಬಾಗಿಲು ದಾಟಿದರೆ ತಮಿಳು. ಶಾಲೆಯಲ್ಲಿ ಓದಿದ್ದು ತಮಿಳು. ಕನ್ನಡದ ಅಕ್ಷರವನ್ನು ನಾನು ಕಲಿತದ್ದು ನಿವೃತ್ತನಾದ ಮೇಲೆ, ದಿನಕ್ಕೆ ಒಂದು ಪುಟದಂತೆ, ಬೆಳಿಗ್ಗೆ ಕಾಫಿಗೂ ಸ್ನಾನಕ್ಕೂ ನಡುವಿನ ಅರ್ಧ ಗಂಟೆಯಲ್ಲಿ. ಅಪ್ಪನಿಗೆ ಎರಡು ಕುಣಿಮಗ್ಗಗಳಿದ್ದವು, ನೆಲದ ಗುಂಡಿಗೆ ಕಾಲಿಳಿಸಿ ಕೂತು ನೇಯುವಂಥವು. ಮಗ್ಗಕ್ಕೆ ಇಳಿಯುವ ಮೊದಲು ಮನೆಯ ಗಂಡಸರೆಲ್ಲ ಪೂರ್ವದ ಬಾಗಿಲಲ್ಲಿ ನಿಂತು ಒಂದು ಸೂಜಿಗೆ ನೂಲು ಪೋಣಿಸಬೇಕು. ಒಂದೇ ಸಲಕ್ಕೆ ಒಳಗೆ ಹೋಗಬೇಕು. ಹೋಗದಿದ್ದರೆ ಅವತ್ತು ಮಗ್ಗವಿಲ್ಲ. ಹೆಂಗಸರ ಜೊತೆ ಕೂತು ರಾಟೆಯಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತಬೇಕು. ಅಪ್ಪನಿಗೂ ಇದೇ ನಿಯಮ. ಒಂದು ದಿನ ಜ್ವರದಲ್ಲಿ ಅಪ್ಪನ ನೂಲು ಸೂಜಿಯ ಪಕ್ಕಕ್ಕೆ ಹೋಯಿತು. ಸೀದಾ ಹೋಗಿ ರಾಟೆಯ ಮುಂದೆ ಕೂತರು. ಅಜ್ಜಿ ಮಾತ್ರ ನಕ್ಕು, "ಬಾ, ಬಾ, ಇಲ್ಲಿ ನಮಗೂ ಒಂದು ಕೈ ಬೇಕಾಗಿತ್ತು" ಎಂದಳು.

ಮಗ್ಗಗಳು ನನ್ನ ಇಪ್ಪತ್ತನೆಯ ವಯಸ್ಸಿಗೇ ಹೋದವು. ನಾನು ತಿರುಪ್ಪೂರಿಗೆ ಹೋಗಿ ಬನಿಯನ್ ಬಟ್ಟೆಯ ಗಿರಣಿಯೊಂದರಲ್ಲಿ ಚೆಕಿಂಗ್ ವಿಭಾಗಕ್ಕೆ ಸೇರಿದೆ. ಓರೆಯಾದ ಗಾಜಿನ ಮೇಜು, ಅದರ ಕೆಳಗೆ ಟ್ಯೂಬ್‌ಲೈಟ್, ಮೇಲೆ ಹರಿಯುವ ಬಟ್ಟೆ. ತೂತು, ಎಣ್ಣೆಯ ಕಲೆ, ದಪ್ಪ ನೂಲು ಸಿಕ್ಕಿದ ಕಡೆ ಕೆಂಪು ಬಾಣದ ಚೀಟಿ ಅಂಟಿಸುವುದು ನಮ್ಮ ಕೆಲಸ. ಇವೆಲ್ಲ ಯಾರಿಗೂ ಕಾಣುತ್ತವೆ. ಕಾಣದ್ದು ಸೂಜಿ ಗೆರೆ. ಹೆಣಿಗೆ ಯಂತ್ರದಲ್ಲಿ ಸುತ್ತಲೂ ಇರುವ ಸೂಜಿಗಳಲ್ಲಿ ಒಂದು ಒಂದಿಷ್ಟು ಬಾಗಿದರೆ ಬಟ್ಟೆಯ ಉದ್ದಕ್ಕೂ ಕೂದಲಿನಂಥ ಗೆರೆ ಬೀಳುತ್ತದೆ. ಕಪ್ಪು ಬಟ್ಟೆಯಲ್ಲಿ ಅದು ಇದ್ದೂ ಇಲ್ಲದ ಹಾಗೆ. ಆ ಬಟ್ಟೆ ಕತ್ತರಿಸಿ, ಹೊಲಿದು, ಇಸ್ತ್ರಿಯಾಗಿ, ಹೊರದೇಶದಲ್ಲಿ ಪೆಟ್ಟಿಗೆ ತೆರೆದಾಗಲೇ ಅದು ಎದ್ದು ಕಾಣುವುದು. ಅಂಥ ಗೆರೆಯನ್ನು ಹಿಡಿಯುವುದರಲ್ಲಿ ನನಗೆ ಹೆಸರಿತ್ತು. ನಿವೃತ್ತನಾಗುವ ದಿನದವರೆಗೂ ಬೆಳಿಗ್ಗೆ ಸೂಜಿ ಪೋಣಿಸಿಯೇ ಮನೆ ಬಿಡುತ್ತಿದ್ದೆ. ನಿವೃತ್ತನಾದ ಮೇಲೂ ಬಿಡಲಿಲ್ಲ.

ಜವಳಿ ಯಂತ್ರಗಳನ್ನು ಮಾಡುವ ಒಂದು ಕಂಪನಿಯ ಸಂಶೋಧನಾ ವಿಭಾಗ ಪೀಳಮೇಡಿನಲ್ಲಿದೆ. ಆ ಆಗಸ್ಟಿಗೆ ಹಿಂದಿನ ಪೊಂಗಲ್ ಆದ ವಾರ ಅಲ್ಲಿಂದ ಕರೆ ಬಂತು. ಬಟ್ಟೆಯ ದೋಷವನ್ನು ತಾನೇ ಹಿಡಿಯುವ ಕ್ಯಾಮೆರಾ ಯಂತ್ರವೊಂದನ್ನು ಅವರು ಮಾಡುತ್ತಿದ್ದರು. ಅದರ ಮುಖ್ಯಸ್ಥೆ ಮೂವತ್ತೈದು ದಾಟದ ಹೆಣ್ಣುಮಗಳು, ಮೈಸೂರು ಕಡೆಯವಳು. ನಾನು ಮೊದಲ ದಿನವೇ ಅವಳನ್ನು ನಮ್ಮ ಕಡೆಯ ರೂಢಿಯಂತೆ "ಅಮ್ಮಿಣಿ" ಎಂದು ಕರೆದೆ. ಅವಳು ಹಿಂದೆ ತಿರುಗಿ ನೋಡಿದಳು.

"ಯಾರು ಸರ್ ಅಮ್ಮಿಣಿ?"

"ನೀನೇ. ಇಲ್ಲಿ ಮಗಳ ವಯಸ್ಸಿನವರನ್ನೆಲ್ಲ ಹಾಗೇ ಕೂಗ್ತಾರೆ."

"ಸರಿ ಹಾಗಾದ್ರೆ. ನಮ್ಮಲ್ಲಿ ತಾತ ಅಂತೀವಿ. ಆದ್ರೆ ನಿಮ್ಮ ಇಸ್ತ್ರಿ ನೋಡಿದ್ರೆ ಸರ್ ಅನ್ನಬೇಕು ಅನ್ಸತ್ತೆ."

ಕೆಲಸವನ್ನು ಅವಳು ಸರಳವಾಗಿ ಹೇಳಿದಳು. ಪರದೆಯ ಮೇಲೆ ಬಟ್ಟೆಯ ಫೋಟೋಗಳು ಬರುತ್ತವೆ. ದೋಷ ಎಲ್ಲಿದೆಯೋ ಅಲ್ಲಿ ನಾನು ಗುರುತು ಹಾಕಬೇಕು. ಗುರುತಿಲ್ಲದ ಬಟ್ಟೆಯನ್ನು ಯಂತ್ರ ಒಳ್ಳೆಯದೆಂದು ತಿಳಿಯುತ್ತದೆ. ಹೀಗೆ ಸಾವಿರಗಟ್ಟಲೆ ನೋಡಿ ನೋಡಿ ಅದು ನನ್ನ ಹಾಗೆ ನೋಡಲು ಕಲಿಯುತ್ತದೆ. "ನಿಮ್ಮ ನಲವತ್ತು ವರ್ಷದ ಕಣ್ಣನ್ನ ಅದಕ್ಕೆ ಕೊಡ್ತಿದ್ದೀರಿ ಸರ್" ಎಂದಳು. ಆ ಮಾತು ಕೇಳಿ ಹಿಗ್ಗಿದೆ.

ಏಳೂ ಹತ್ತರ ಬಸ್ಸು, ಎಂಟೂವರೆಗೆ ಕುರ್ಚಿ. ಐವತ್ತು ನಿಮಿಷ ಕೆಲಸ, ಹತ್ತು ನಿಮಿಷ ಕಿಟಕಿಯ ಹೊರಗಿನ ಬೇವಿನ ಮರ ನೋಡುವುದು. ಹನ್ನೆರಡೂವರೆಗೆ ಬುತ್ತಿ. ಸಂಜೆ ಮನೆಗೆ ಬಂದು ಡೈರಿಯಲ್ಲಿ ನಾಲ್ಕು ಸಾಲು: ಎಷ್ಟು ಫೋಟೋ, ಯಾವ ಬಣ್ಣದ ಬಟ್ಟೆ, ಯಾವ ದೋಷ ಹೆಚ್ಚು, ಬೇರೇನಾದರೂ ಇದ್ದರೆ ಅದು. ಒಂದು ದಿನವೂ ತಪ್ಪಲಿಲ್ಲ.

ನನ್ನ ಮೇಜಿನಿಂದ ಕೈತೊಳೆಯುವ ಜಾಗಕ್ಕೆ ಹೋಗುವ ದಾರಿಯಲ್ಲಿ ಒಂದು ಉದ್ದನೆಯ ಕೋಣೆಯಿತ್ತು. ಬಾಗಿಲಿನ ಗಾಜಿನಲ್ಲಿ ನೋಡಿದರೆ ಬಿಳಿ ಪ್ಲಾಸ್ಟಿಕ್ ಹೊದಿಸಿದ ಯಂತ್ರಗಳು ಸಾಲಾಗಿ ನಿಂತಿದ್ದವು. ಹೊದಿಕೆಯ ಮೇಲೆ ಧೂಳು. ಒಂದು ದಿನ ಕೇಳಿದೆ.

"ಇವೆಲ್ಲ ಕೆಟ್ಟೋಗಿದ್ದಾವಾ ಅಮ್ಮಿಣಿ?"

"ಇಲ್ಲ ಸರ್, ಎಲ್ಲಾ ಚೆನ್ನಾಗಿ ಓಡ್ತವೆ. ಅದು ನೂಲಿನ ತೇವ ಅಳೆಯೋದು. ಆ ಕಡೇದು ತಾನೇ ಓಡೋ ಗಾಡಿ, ಬಾಬಿನ್ ಹೊರೋಕೆ. ಇಲ್ಲಿ ಎಲ್ಲಾ ಓಡಿದ್ವು. ಗಿರಣಿಗೆ ಹೋದ್ಮೇಲೆ ಯಾರಿಗೂ ಬೇಡವಾದ್ವು. ವಾಪಸ್ ಬಂದ್ವು."

"ಮಾಡಿದವರು?"

"ಒಬ್ಬರು ಬೇರೆ ವಿಭಾಗಕ್ಕೆ ಹೋದ್ರು. ಇನ್ನೊಬ್ಬರು ಕೆಲಸ ಬಿಟ್ರು." ಗಾಜಿನಲ್ಲಿ ಬೆರಳು ತೋರಿಸಿ ಹೇಳಿದಳು, "ಕೊನೇ ಜಾಗ ಖಾಲಿ ಇದೆ ನೋಡಿ, ಗೋಡೆ ಪಕ್ಕ. ಅದು ನಮ್ಮದರ ಅಳತೆಗೆ ಸರಿಯಾಗಿದೆ ಅಂತ ಎಲ್ಲರೂ ತಮಾಷೆ ಮಾಡ್ತಾರೆ."

ಅವಳು ನಗಲಿಲ್ಲ. ಕಂಪನಿಯ ಸಮಿತಿ ಅವಳ ಯಂತ್ರದ ತೀರ್ಮಾನವನ್ನು ಎರಡು ಸಲ ಮುಂದಕ್ಕೆ ಹಾಕಿತ್ತು. ಮೂರನೆಯ ಸಲ ಸೇರುವುದು ಮುಂದಿನ ಫೆಬ್ರವರಿಯಲ್ಲಿ. ಅಷ್ಟರೊಳಗೆ ಗಿರಣಿಯೊಂದು ತಿಂಗಳ ಕಾಲ ಯಂತ್ರವನ್ನು ಓಡಿಸಿ ಒಪ್ಪಿದರೆ ಅದು ಮಾರುಕಟ್ಟೆಗೆ; ಇಲ್ಲದಿದ್ದರೆ ಆ ಗೋಡೆಯ ಪಕ್ಕಕ್ಕೆ.

ಆಗಸ್ಟಿನ ಆ ಬುಧವಾರ ಬೆಳಿಗ್ಗೆ ನೂಲು ಸೂಜಿಯೊಳಗೆ ಹೋಗಲಿಲ್ಲ. ಕೈ ನಡುಗಲಿಲ್ಲ, ಸೂಜಿಯ ಕಣ್ಣು ಇರುವ ಜಾಗದಲ್ಲಿ ಹಾಲಿನ ಹನಿಯಂತೆ ಮಬ್ಬು. ಕನ್ನಡಕ ಒರೆಸಿದೆ. ಮತ್ತೆ ಹೋಗಲಿಲ್ಲ. ನಾಲ್ಕನೆಯ ಸಲ ಹೋಯಿತು. ಅಪ್ಪನ ಲೆಕ್ಕದಲ್ಲಿ ಅವತ್ತು ನಾನು ಮಗ್ಗಕ್ಕೆ ಇಳಿಯಬಾರದು. ಮನೆಯಲ್ಲಿ ನಿಂತು ಐದು ನಿಮಿಷ ಯೋಚಿಸಿದೆ. ಬಸ್ಸಿನ ಹೊತ್ತಾಗಿತ್ತು. ಹೋದೆ. ಇಡೀ ದಿನ ಗುರುತು ಹಾಕಿದೆ. ಸಂಜೆ ಬಸ್ಸಿಳಿದು ದಪ್ಪ ಸೂಜಿ ಕೊಂಡೆ. ಮರುದಿನ ನೂಲು ಒಂದೇ ಸಲಕ್ಕೆ ಹೋಯಿತು. ನಿಯಮ ಪಾಲಿಸಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಬುಧವಾರದ ಡೈರಿಯ ನಾಲ್ಕನೆಯ ಸಾಲಿನಲ್ಲಿ ಬರೆದದ್ದು ಎರಡೇ ಪದ: ಹೊಸ ಸೂಜಿ.

ಹೆಂಡತಿ ನೋಡಿದಳು. ನೀವು 'ಏನ್ರೀ' ಅನ್ನುವ ಕಡೆ ಅವಳದು 'ಏನುಂಗ'.

"ಏನುಂಗ, ಇದು ಯಾತಕ್ಕೆ? ಗೋಣಿಚೀಲ ಹೊಲೀಲಿಕ್ಕಾ?"

"ಸಣ್ಣದು ತುಕ್ಕು ಹಿಡೀತಾ ಇದೆ."

"ತುಕ್ಕು ಯಾವುದಕ್ಕೆ ಹಿಡಿದದೆ ಅಂತ ಡಾಕ್ಟರ್ ಹತ್ರ ಕೇಳೀಂಗ" ಎಂದು ಅಡುಗೆಮನೆಗೆ ಹೋದಳು. ಅವಳಿಗೆ ಆವತ್ತೇ ತಿಳಿದಿತ್ತು. ನಾನು ಎರಡು ದಿನ ಅವಳ ಮುಖ ನೋಡಲಿಲ್ಲ.

ಡಾಕ್ಟರ ಬಳಿ ಹೋಗಲಿಲ್ಲ. ಹೋದರೆ ಹೆಸರಿಟ್ಟು ಹೇಳುತ್ತಾರೆ. ಹೇಳಿದ ಮೇಲೆ ನನಗೆ ಸುಮ್ಮನಿರಲು ಆಗುವುದಿಲ್ಲ. ನಾನು ಕಂಪನಿಯಲ್ಲಿ ಹೇಳಿದರೆ ನಾನು ಹಾಕಿದ ಗುರುತುಗಳನ್ನೆಲ್ಲ ಅನುಮಾನಿಸುತ್ತಾರೆ, ಆ ಹೆಣ್ಣುಮಗಳ ಯಂತ್ರ ನಿಲ್ಲುತ್ತದೆ. ಹೇಳದಿದ್ದರೆ ಏನಾಗುತ್ತದೆ ಎಂಬುದನ್ನು ಯೋಚಿಸಲೇ ಇಲ್ಲ. ಐವತ್ತು ನಿಮಿಷದ ಬದಲು ನಲವತ್ತು ನಿಮಿಷಕ್ಕೊಮ್ಮೆ ಬೇವಿನ ಮರ ನೋಡತೊಡಗಿದೆ. ಪರದೆಯ ಬೆಳಕು ಹೆಚ್ಚಿಸಿಕೊಂಡೆ. ಮರದ ಎಲೆಗಳು ಒಂದಕ್ಕೊಂದು ಅಂಟಿಕೊಂಡ ಹಾಗೆ ಕಾಣುತ್ತಿದ್ದವು. ಮಳೆ ಬರುವ ಮುಂಚಿನ ಮಬ್ಬು ಎಂದುಕೊಂಡೆ. ಮಳೆ ಬಂದು ಹೋಯಿತು, ಎಲೆಗಳು ಹಾಗೇ ಇದ್ದವು.

ಡಿಸೆಂಬರಿನಲ್ಲಿ ಅಮ್ಮಿಣಿ ಓಡಿಬಂದು ಒಂದು ಹಾಳೆ ತೋರಿಸಿದಳು. ಯಂತ್ರದ ಗುರುತನ್ನೂ ನನ್ನ ಗುರುತನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ್ದರು. ಎಲ್ಲೋ ಅಲ್ಲೊಂದು ಇಲ್ಲೊಂದು ಬಿಟ್ಟರೆ ಎರಡೂ ಒಂದೇ. "ನೀವು ಏನು ನೋಡ್ತೀರೋ ಅದೂ ಅದನ್ನೇ ನೋಡತ್ತೆ ಸರ್" ಎಂದು ಎಲ್ಲರಿಗೂ ಮೈಸೂರುಪಾಕು ಹಂಚಿದಳು. ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡೆ. ಅದು ಕರಗುವ ಮೊದಲೇ ಇನ್ನೊಂದು ಯೋಚನೆ ಬಂತು: ನಾನು ಏನು ನೋಡುವುದಿಲ್ಲವೋ ಅದೂ ಅದನ್ನು ನೋಡುವುದಿಲ್ಲ. ಪ್ರಶ್ನೆಪತ್ರಿಕೆಯೂ ನನ್ನದು, ಉತ್ತರವೂ ನನ್ನದು. ಇನ್ನು ತಪ್ಪು ಹಿಡಿಯುವವರು ಯಾರು? ಎದ್ದು ಹೋಗಿ ಬಾಯಿ ತೊಳೆದುಕೊಂಡೆ. ಉದ್ದನೆಯ ಕೋಣೆಯ ಗೋಡೆ ಪಕ್ಕದ ಖಾಲಿ ಜಾಗವನ್ನು ನೋಡದೆ ವಾಪಸು ಬಂದೆ.

ಜನವರಿಯ ಮೊದಲ ವಾರ ಯಂತ್ರ ತಿರುಪ್ಪೂರಿನ ಗಿರಣಿಯೊಂದಕ್ಕೆ ಹೋಯಿತು. ನಾನೂ ಜೊತೆಗೆ ಹೋಗಬೇಕಾಯಿತು. ಆ ಗಿರಣಿಯ ಚೆಕಿಂಗ್ ವಿಭಾಗದ ಹಿರಿಯಳು ನಮ್ಮವಳೇ, ಕನ್ನಡದ ನೇಕಾರರ ಮನೆಯವಳು, ಐವತ್ತರ ಆಸುಪಾಸು. ಒಪ್ಪಂದ ಹೀಗಿತ್ತು: ಯಂತ್ರ ಪಾಸು ಮಾಡಿದ ಪ್ರತಿ ಬಟ್ಟೆಯನ್ನೂ ಅವಳ ಹೆಂಗಸರು ಮತ್ತೆ ದೀಪದ ಮೇಜಿನಲ್ಲಿ ನೋಡುತ್ತಾರೆ. ಬಿಟ್ಟುಹೋದದ್ದನ್ನು ಬರೆದಿಡುತ್ತಾರೆ.

ಮೂರು ದಿನ ಎಲ್ಲ ಚೆನ್ನಾಗಿತ್ತು. ತೂತು, ಕಲೆ, ದಪ್ಪ ನೂಲು, ಒಂದನ್ನೂ ಯಂತ್ರ ಬಿಡಲಿಲ್ಲ. ಬಿಳಿ ಬಟ್ಟೆ, ತಿಳಿ ಬಣ್ಣದ ಬಟ್ಟೆ ಮುಗಿದು ನಾಲ್ಕನೆಯ ದಿನ ಕಪ್ಪು ಮತ್ತು ಕಡುನೀಲಿ ಬಟ್ಟೆಗಳನ್ನು ಹಾಕಿದರು. ಮಧ್ಯಾಹ್ನದ ಹೊತ್ತಿಗೆ ಆ ಹೆಂಗಸು ಬಂದು ಅಮ್ಮಿಣಿಯ ಮುಂದೆ ಒಂದು ಕಪ್ಪು ಬಟ್ಟೆ ಹರಡಿ ಬೆರಳಿಟ್ಟಳು. ಸೂಜಿ ಗೆರೆ. ಆಮೇಲೆ ಇನ್ನೊಂದು. ಸಂಜೆಗೆ ಒಂದು ರಾಶಿ. ಯಂತ್ರ ಎಲ್ಲಕ್ಕೂ ಹಸಿರು ದೀಪ ತೋರಿಸಿತ್ತು.

ಮುಂದಿನ ಒಂದು ವಾರ ಆ ತಂಡ ಪಟ್ಟ ಪಾಡನ್ನು ನಾನು ನೋಡುತ್ತ ನಿಂತಿದ್ದೆ. ದೀಪ ಬದಲಿಸಿದರು. ಕ್ಯಾಮೆರಾದ ಗಾಜು ಬದಲಿಸಿದರು. ನೆಲ ಅದುರುತ್ತದೆಂದು ಯಂತ್ರದ ಕೆಳಗೆ ರಬ್ಬರ್ ಹಾಕಿದರು. ಹತ್ತಿಯ ಪುಡಿ ಕೂರುತ್ತದೆಂದು ಗಂಟೆಗೊಮ್ಮೆ ಒರೆಸಿದರು. ಅಮ್ಮಿಣಿ ಊಟ ಬಿಟ್ಟಳು. ನನ್ನನ್ನು ಕೂರಿಸಿಕೊಂಡು ಕೇಳಿದಳು: "ಸರ್, ಈ ಫೋಟೋದಲ್ಲಿ ಗೆರೆ ಕಾಣ್ತಾ ಇದೆಯಾ? ಬೆಳಕು ಸಾಲದಾ? ನೀವು ಹೇಳಿದ ಹಾಗೆ ದೀಪ ಇಡಿಸ್ತೀನಿ."

"ಬೆಳಕು ಸ್ವಲ್ಪ ಸಾಲದು" ಎಂದೆ. ನನಗೆ ಅಲ್ಲಿ ಗೆರೆಯೇ ಕಾಣಲಿಲ್ಲ. ಅವಳು ನನ್ನ ಮಾತು ನಂಬಿ ಇನ್ನೆರಡು ದೀಪ ತರಿಸಿದಳು.

ಆ ಹಿರಿಯ ಹೆಂಗಸು ಪಕ್ಕದಲ್ಲಿ ಎಲೆಯಡಿಕೆ ಮೆಲ್ಲುತ್ತ ಇದನ್ನೆಲ್ಲ ನೋಡುತ್ತಿದ್ದಳು. "ಅಣ್ಣಾ," ಎಂದಳು, "ಇಷ್ಟು ದೀಪ ಹಾಕಿದ್ರೂ ತೆರಿಯಾಂಗಿಲ್ಲ, ಕಾಣಾಂಗಿಲ್ಲ ಅಂದ್ರೆ, ನಿಮ್ಮ ಮಿಷಿನ್ ಕಣ್ಣಿಗೆ ಪೊರೆ ಬಂದದಾ? ಆಸ್ಪತ್ರೆಗೆ ಕರಕೊಂಡು ಹೋಗಿ ಕಿತ್ತಾಕಿಸಿ."

ಸುತ್ತಲಿದ್ದ ಹೆಂಗಸರು ನಕ್ಕರು. ನಾನೂ ನಕ್ಕೆ. ನಗುತ್ತಲೇ ದೀಪದ ಮೇಜಿಗೆ ಹೋದೆ. ಅಲ್ಲಿ ಅವಳು ಬಾಣದ ಚೀಟಿ ಅಂಟಿಸಿದ ಕಪ್ಪು ಬಟ್ಟೆ ಇತ್ತು. ಚೀಟಿಯ ತುದಿಯಲ್ಲಿ ಗೆರೆ ಇರಲೇಬೇಕು. ಮುಖ ಒರೆಸುವವನ ಹಾಗೆ ಟವೆಲಿನಿಂದ ಎಡಗಣ್ಣು ಮುಚ್ಚಿದೆ. ಬಟ್ಟೆ ಕಪ್ಪಗೆ, ನುಣ್ಣಗೆ, ಏನೂ ಇಲ್ಲದೆ ಇತ್ತು. ಬಲಗಣ್ಣು ಮುಚ್ಚಿದೆ. ಎಡಗಣ್ಣಿಗೆ ಒಂದಿಷ್ಟು ನೆರಳಿನಂತೆ ಏನೋ ಕಂಡಿತು, ಗೆರೆಯೋ ಅಲ್ಲವೋ ಹೇಳುವಂತಿರಲಿಲ್ಲ. ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದು ಬೇಲಿಯ ಪಕ್ಕದ ಕಲ್ಲಿನ ಮೇಲೆ ಕೂತೆ. ಜೀವನದಲ್ಲಿ ಒಂದೇ ಒಂದು ಸಲ ಕೆಲಸದ ಹೊತ್ತಿನಲ್ಲಿ ಹೊರಗೆ ಕೂತದ್ದು ಅದು.

ಪೊಂಗಲ್ಲಿಗೆ ನಾಲ್ಕು ದಿನ ರಜೆ. ಮನೆಯಲ್ಲಿ ಹಬ್ಬ. ನಾನು ಕಬ್ಬು ಸಿಗಿದೆ, ಅಂಗಳ ಗುಡಿಸಿದೆ, ಎಲ್ಲ ಗಂಟೆ ಹೊಡೆದ ಹಾಗೆ. ಒಳಗೆ ಒಂದೇ ಯೋಚನೆ. ಸುಮ್ಮನಿದ್ದರೆ ಎರಡೇ ದಾರಿ. ಯಂತ್ರ ಸೋತು ಗೋಡೆಯ ಪಕ್ಕಕ್ಕೆ ಹೋಗುತ್ತದೆ, ಆ ಮಗಳಿಗೆ ಕಾರಣವೇ ತಿಳಿಯುವುದಿಲ್ಲ. ಇಲ್ಲವೇ ಹೇಗೋ ಒಪ್ಪಿಗೆಯಾಗಿ ಗಿರಣಿಗಿರಣಿಗೆ ಹೋಗುತ್ತದೆ, ನನ್ನ ಕುರುಡು ಎಲ್ಲೆಲ್ಲೂ ಕೂರುತ್ತದೆ. ಎರಡನೆಯದಕ್ಕೆ ನನಗೆ ಹೆಚ್ಚು ಹೆದರಿಕೆಯಾಯಿತು. ಹೆಂಡತಿ ಪೊಂಗಲ್ ಬಡಿಸುತ್ತ, "ಏನುಂಗ, ಆ ಹುಡುಗಿ ಹತ್ರ ಹೇಳಿಬಿಡೀಂಗ. ನೀವು ಬಾಯಿ ಬಿಡದೆ ಇದ್ರೆ ನಾನು ಫೋನು ಮಾಡ್ತೀನಿ" ಎಂದಳು.

"ಏನಂತ ಹೇಳ್ತೀಯಾ?"

"ನಮ್ಮ ಮನೆಯೋರು ಕಾಸು ಕೊಟ್ಟು ಗೋಣಿ ಸೂಜಿ ವಾಂಗ್ಯಾರೆ ಅಂತ."

ರಜೆ ಮುಗಿದ ದಿನ ಮಧ್ಯಾಹ್ನ ಮೂರು ಗಂಟೆಗೆ ಪೀಳಮೇಡಿನಲ್ಲಿ ಅವಳ ಮೇಜಿನ ಮುಂದೆ ಕೂತೆ. ಕನ್ನಡಕದ ಡಬ್ಬಿ ತೆರೆದು ಎರಡೂ ಸೂಜಿಗಳನ್ನು ಬಿಳಿ ಹಾಳೆಯ ಮೇಲಿಟ್ಟೆ. ನೂಲು ತೆಗೆದು ಸಣ್ಣದಕ್ಕೆ ಪೋಣಿಸಲು ಹೋದೆ. ಆರು ಸಲ ತಪ್ಪಿತು. ದಪ್ಪದಕ್ಕೆ ಮೂರನೆಯ ಸಲ ಹೋಯಿತು. ದಪ್ಪ ಸೂಜಿಯೂ ಸಣ್ಣದಾಗತೊಡಗಿದೆ ಎಂದು ಆಗ ತಿಳಿಯಿತು.

"ಏನ್ಸರ್ ಇದು?"

ಅಪ್ಪನ ನಿಯಮ ಹೇಳಿದೆ. ಬುಧವಾರದ ವಿಷಯ ಹೇಳಿದೆ. "ದೀಪ ತಪ್ಪಲ್ಲ ಅಮ್ಮಿಣಿ, ಗಾಜು ತಪ್ಪಲ್ಲ. ಕಪ್ಪು ಬಟ್ಟೆ ಮೇಲಿನ ಗೆರೆ ನನಗೆ ಕಾಣ್ತಿಲ್ಲ. ಕಾಣದ್ದನ್ನ ಒಳ್ಳೇದು ಅಂತ ಅದಕ್ಕೆ ಕಲಿಸಿದೀನಿ. ಬೆಳಕು ಸಾಲದು ಅಂದದ್ದೂ ಸುಳ್ಳು."

ಅವಳು ಎದ್ದು ಹೊರಗೆ ಹೋದಳು. ಬಾಗಿಲು ತೆರೆದೇ ಇತ್ತು. ಇಪ್ಪತ್ತು ನಿಮಿಷ ನಾನು ಆ ಹಾಳೆಯನ್ನೇ ನೋಡುತ್ತ ಕೂತೆ. ಬೈದರೆ ತಲೆ ತಗ್ಗಿಸಿ ಕೇಳಬೇಕು, ಅತ್ತರೆ ಏನು ಮಾಡಬೇಕೋ ತಿಳಿಯದು, ಮೇಲಿನವರನ್ನು ಕರೆತಂದರೆ ಎದ್ದು ನಿಲ್ಲಬೇಕು. ಹೀಗೆ ಒಂದೊಂದಕ್ಕೂ ಸಿದ್ಧನಾಗುತ್ತಿದ್ದೆ. ಅವಳು ಮುಖ ತೊಳೆದುಕೊಂಡು ಬಂದಳು.

"ಯಾವತ್ತಿಂದ ಸರ್?"

ಯಾಕೆ ಎಂದು ಕೇಳುತ್ತಾಳೆಂದುಕೊಂಡಿದ್ದೆ. ಚೀಲದಿಂದ ಡೈರಿ ತೆಗೆದು ಆ ಬುಧವಾರದ ಪುಟ ತೋರಿಸಿದೆ. ಅವಳು ಹಿಂದೆ ಮುಂದೆ ತಿರುವಿದಳು. ದಿನದಿನದ ಲೆಕ್ಕ, ಬಟ್ಟೆಯ ಬಣ್ಣ, ಎಲ್ಲ ಇತ್ತು.

"ಯಾವ ದಿನ ಯಾವ ಬಟ್ಟೆ ಅಂತ ನಮ್ಮ ಕಂಪ್ಯೂಟರಲ್ಲೂ ಇಷ್ಟು ನೀಟಾಗಿ ಇಲ್ಲ" ಎಂದಳು. ಡೈರಿ ಮುಚ್ಚಿ, "ನಿಮ್ಮ ಗುರುತಿಂದ ಕಲಿಸಿ, ನಿಮ್ಮ ಗುರುತಿಂದಲೇ ಪರೀಕ್ಷೆ ಮಾಡಿದ್ವಿ. ಇನ್ನೊಬ್ಬರು ನೋಡಬೇಕಿತ್ತು. ನನಗೆ ಗೊತ್ತಿತ್ತು ಸರ್. ಕೇಳಿದ್ರೆ ತಡ ಆಗತ್ತೆ ಅಂತ ಭಯ ಆಗಿ ಕೇಳಲಿಲ್ಲ" ಎಂದಳು.

ನನ್ನ ಭಯಕ್ಕಿಂತ ಅವಳ ಭಯ ಹಳೆಯದು ಎಂದು ಆಗ ಗೊತ್ತಾಯಿತು.

ಆಗಸ್ಟಿನಿಂದ ಈಚಿನ ಗುರುತುಗಳನ್ನು ಅಳಿಸಿದರೆ ಸಾಕೆಂದುಕೊಂಡಿದ್ದೆವು. ಅವಳು ತಿರುಪ್ಪೂರಿನ ಆ ಹಿರಿಯ ಹೆಂಗಸನ್ನು ಎರಡು ದಿನಕ್ಕೆ ಕರೆಸಿ, ನಾನು ಪಾಸು ಮಾಡಿದ ಹಳೆಯ ಕಪ್ಪು ಬಟ್ಟೆಗಳ ಫೋಟೋ ತೋರಿಸಿದಳು. ಹೆಂಗಸಿಗೆ ವಿಷಯ ಪೂರ್ತಿ ಹೇಳಿದ್ದೆವು. ಅವಳು ತಮಾಷೆ ಮಾಡಲಿಲ್ಲ. ಸೆರಗು ಸಿಕ್ಕಿಸಿಕೊಂಡು ಪರದೆಯ ಮುಂದೆ ಕೂತು ಒಂದೊಂದೇ ನೋಡಿದಳು.

"ಇದರಲ್ಲಿ ಗೆರೆ ಉಂಟು. ಇದರಲ್ಲೂ ಉಂಟು. ಅಣ್ಣಾ, ಇದು ಯಾವ ಮಾಸದ್ದು?"

"ಜುಲೈ."

"ಇದು?"

"ಮೇ."

"ಇದರಲ್ಲೂ ವಿಟ್ಟುಬಿಟ್ಟಿದೀರಿ ಅಣ್ಣಾ."

ಮೇ ತಿಂಗಳಲ್ಲಿ ಸಣ್ಣ ಸೂಜಿಗೆ ದಿನವೂ ಒಂದೇ ಸಲಕ್ಕೆ ಪೋಣಿಸುತ್ತಿದ್ದೆ. ಬಿಳಿ ನೂಲು, ಹೊಳೆಯುವ ಉಕ್ಕು, ಪೂರ್ವದ ಬಿಸಿಲು. ಕಪ್ಪಿನ ಮೇಲಿನ ಕಪ್ಪನ್ನು ಅಪ್ಪನ ಪರೀಕ್ಷೆ ಕೇಳಿರಲೇ ಇಲ್ಲ. ಅಷ್ಟು ವರ್ಷ ನಂಬಿದ ನಿಯಮವೂ ತಡವಾಗಿ ಹೇಳಿತ್ತು ಎಂಬುದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು. ಹಾಗಾದರೆ ಗಿರಣಿಯಲ್ಲಿದ್ದ ಕೊನೆಯ ವರ್ಷಗಳಲ್ಲಿ? ಅದನ್ನು ತಿಳಿಯಲು ಇನ್ನು ದಾರಿಯಿಲ್ಲ. ಆ ಬಟ್ಟೆಗಳೆಲ್ಲ ಯಾರ ಯಾರ ಮೈಮೇಲೋ ಸವೆದುಹೋಗಿವೆ.

ಸಮಿತಿ ಸೇರಿದ ದಿನ ನಾನು ಹೊರಗಿನ ಬೆಂಚಿನ ಮೇಲೆ ಕೂತಿದ್ದೆ. ಅಮ್ಮಿಣಿ ಒಳಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಯಂತ್ರ ಸರಿಯಿದೆ, ಕಲಿಸಿದ ರೀತಿ ತಪ್ಪಾಗಿದೆ, ಒಬ್ಬರ ಕಣ್ಣನ್ನೇ ನಂಬಿದ್ದು ತನ್ನ ತೀರ್ಮಾನ ಎಂದಳಂತೆ. ನನ್ನ ಹೆಸರು ಎತ್ತಲಿಲ್ಲ. ಮಾರಾಟ ವಿಭಾಗದ ಮುಖ್ಯಸ್ಥರು ಹೊರಬಂದು, ನನ್ನ ಮುಂದೆ ನಿಂತು, ತಮಿಳಿನಲ್ಲಿ ಹೇಳಿದರು: "ಮೂರು ತಿಂಗಳು. ಆಮೇಲೆ ಆ ಕೋಣೆ." ಬೆರಳನ್ನೂ ತೋರಿಸಿದರು.

ಅದೇ ವಾರ ಬಲಗಣ್ಣಿನ ಆಪರೇಷನ್ ಆಯಿತು. ಎಡಗಣ್ಣಿನಲ್ಲೂ ಪೊರೆಯಿದೆ, ಕಾಯಬಹುದು ಎಂದರು. ಮುಖದ ಮೇಲೆ ಹಸಿರು ಬಟ್ಟೆ ಹೊದಿಸಿದಾಗ ನಾನು ಅದರ ಎಳೆಗಳನ್ನು ಎಣಿಸಲು ಹೋದೆ, ಕಾಣಲಿಲ್ಲ. ಮರುದಿನ ಪಟ್ಟಿ ಬಿಚ್ಚಿದಾಗ ಹೆಂಡತಿಯ ಸೀರೆ ಎದುರಿಗಿತ್ತು. ಅದು ಕಡುನೀಲಿ. ಎರಡು ವರ್ಷದಿಂದ ಅದನ್ನು ನಾನು ಬೂದು ಎಂದುಕೊಂಡಿದ್ದೆ.

ಅಮ್ಮಿಣಿ ಕೆಲಸದ ಕ್ರಮವನ್ನೇ ಬದಲಿಸಿದಳು. ಒಂದೊಂದು ಫೋಟೋವನ್ನೂ ಇಬ್ಬರು ನೋಡಬೇಕು, ಒಬ್ಬರ ಗುರುತು ಇನ್ನೊಬ್ಬರಿಗೆ ಕಾಣಬಾರದು. ಆ ಹಿರಿಯ ಹೆಂಗಸು ವಾರಕ್ಕೆ ಮೂರು ದಿನ ಪೀಳಮೇಡಿಗೆ ಬರತೊಡಗಿದಳು. ಬೆಳಿಗ್ಗೆ ಕೂತ ಕೂಡಲೇ ಹತ್ತು ಬಟ್ಟೆ: ಬಿಳಿ, ಕಪ್ಪು, ನೀಲಿ, ಎಲ್ಲದರಲ್ಲೂ ಎಲ್ಲಿ ಗೆರೆಯಿದೆ ಎಂದು ಅಮ್ಮಿಣಿಗೆ ಮೊದಲೇ ಗೊತ್ತು. ಒಂದು ತಪ್ಪಿದರೂ ಅವತ್ತು ಗುರುತು ಹಾಕುವಂತಿಲ್ಲ. ಅಪ್ಪನ ಸೂಜಿಯ ನಿಯಮ ಕೇಳಿಯೇ ಅವಳು ಇದನ್ನು ಮಾಡಿದ್ದು. ಆದರೆ ಸೂಜಿಗೆ ಕಾಣದ್ದನ್ನೂ ಅವಳು ಸೇರಿಸಿದ್ದಳು. ಮೊದಲು ತಪ್ಪಿದವನು ನಾನೇ, ಎರಡನೆಯ ವಾರ, ಒಂಬತ್ತನೆಯ ಬಟ್ಟೆಯಲ್ಲಿ.

"ಎದ್ದೇಳಿ ಅಣ್ಣಾ," ಎಂದಳು ಆ ಹೆಂಗಸು, "ಹೋಗಿ ಕಂಡಿಕೆ ಸುತ್ತಿ."

ಎದ್ದು ಹೋಗಿ ಸಂಜೆಯವರೆಗೆ ಬಟ್ಟೆಯ ತುಂಡುಗಳನ್ನು ಮಡಿಸಿ ಚೀಟಿ ಹಚ್ಚಿದೆ.

ಮೇ ತಿಂಗಳಲ್ಲಿ ಯಂತ್ರ ಮತ್ತೆ ತಿರುಪ್ಪೂರಿಗೆ ಹೋಯಿತು. ಮೊದಲ ದಿನವೇ ಅಮ್ಮಿಣಿ ಕಪ್ಪು ಬಟ್ಟೆ ಹಾಕಿಸಿದಳು. ಅವಳು ಒಂದು ಪಕ್ಕ, ಗಿರಣಿಯ ಮಾಲೀಕರು ಒಂದು ಪಕ್ಕ. ಹತ್ತು ನಿಮಿಷ ಬಟ್ಟೆ ಹರಿಯಿತು. ಆಮೇಲೆ ಯಂತ್ರ ನಿಂತು ಕೆಂಪು ದೀಪ ಹಾಕಿತು. ನಾನು ಬಗ್ಗಿ ನೋಡಿದೆ. ಏನೂ ಇರಲಿಲ್ಲ. ಕನ್ನಡಕ ತೆಗೆದು ನೋಡಿದೆ, ಬಲಗಣ್ಣಿನಿಂದ ನೋಡಿದೆ. ಶುದ್ಧ ಕಪ್ಪು. ಸುಮ್ಮಸುಮ್ಮನೆ ನಿಲ್ಲುವ ಯಂತ್ರವನ್ನು ಯಾವ ಗಿರಣಿಯೂ ಕೊಳ್ಳುವುದಿಲ್ಲ. ಮಾಲೀಕರು ಗಡಿಯಾರ ನೋಡಿದರು.

ಹಿರಿಯ ಹೆಂಗಸು ಆ ಜಾಗವನ್ನು ಮುಂಗೈ ಮೇಲೆ ಎಳೆದುಕೊಂಡು, ಕಿಟಕಿಯ ಕಡೆ ಓರೆ ಮಾಡಿ, ಉಸಿರು ಬಿಗಿಹಿಡಿದು ನೋಡಿದಳು. ತುಂಬ ಹೊತ್ತು ನೋಡಿದಳು.

"ಉಂಟು" ಎಂದಳು. "ನಾನೂ ವಿಟ್ಟುಬಿಡ್ತಿದ್ದೆ. ಇಲ್ಲಿ ಬನ್ನಿ ಅಣ್ಣಾ, ಬೆಳಕಿಗೆ ಬನ್ನಿ."

ಅವಳ ಮುಂಗೈ ಮೇಲೆ, ಬಿಸಿಲಿನಲ್ಲಿ, ಕೂದಲಿಗಿಂತ ತೆಳ್ಳಗೆ ಅದು ಇತ್ತು. ಅಮ್ಮಿಣಿ ಬಾಣದ ಚೀಟಿ ಕೊಟ್ಟಳು. ನಾನೇ ಅಂಟಿಸಿದೆ. ಸ್ವಲ್ಪ ಸೊಟ್ಟಗಾಯಿತು.

ತಿಂಗಳು ಮುಗಿದಾಗ ಮಾಲೀಕರು ಯಂತ್ರವನ್ನು ಅಲ್ಲೇ ಬಿಟ್ಟು ಹೋಗಿ ಎಂದರು. ಆದರೆ ಹಿರಿಯ ಹೆಂಗಸು ಒಂದು ಷರತ್ತು ಹಾಕಿದಳು. ನಮಗೆ ದಿನಾ ಹತ್ತು ಬಟ್ಟೆ ತೋರಿಸಿದ ಹಾಗೆ ಇದಕ್ಕೂ ತೋರಿಸಬೇಕು. ತಪ್ಪಿದರೆ ತಪ್ಪು ಹುಡುಕಿ ಸರಿಮಾಡುವ ತನಕ ಇದು ಓಡಬಾರದು, ದೀಪದ ಮೇಜು ತೆರೆಯಬೇಕು. ಮಾರಾಟ ವಿಭಾಗದವರಿಗೆ ಇದು ಹಿಡಿಸಲಿಲ್ಲ. ತನ್ನ ಮೇಲೆ ತನಗೇ ನಂಬಿಕೆಯಿಲ್ಲದ ಯಂತ್ರವನ್ನು ಹೇಗೆ ಮಾರುವುದು ಎಂದರು. ಮಾಲೀಕರು ಅದಿದ್ದರೆ ಮಾತ್ರ ಕೊಳ್ಳುತ್ತೇನೆ ಎಂದರು. ಈಗ ಆ ಯಂತ್ರವನ್ನು ಎಲ್ಲಿಗೇ ಕಳಿಸಿದರೂ ಜೊತೆಗೆ ಹತ್ತು ಬಟ್ಟೆಗಳ ಒಂದು ಕಟ್ಟು ಹೋಗುತ್ತದೆ. ಕಟ್ಟುವುದು ನನ್ನ ಕೆಲಸ. ಹತ್ತನ್ನೂ ಇನ್ನೊಬ್ಬರಿಗೆ ತೋರಿಸದೆ ನಾನು ಕಟ್ಟುವುದಿಲ್ಲ.

ಬುಧವಾರಗಳಲ್ಲಿ ಆರೂಕಾಲಿನ ಬಸ್ಸಿಗೆ ತಿರುಪ್ಪೂರಿಗೆ ಹೋಗಿ ಆ ಬೆಳಗಿನ ಪರೀಕ್ಷೆಯನ್ನು ನೋಡುತ್ತೇನೆ. ಹೆದರಿಕೆ ಹೋಗಿಲ್ಲ. ಒಂದೊಂದು ಬಟ್ಟೆ ಹರಿಯುವಾಗಲೂ ಬೆರಳು ಮಡಿಸಿ ಎಣಿಸುತ್ತೇನೆ. ಹೋದ ಬುಧವಾರ ಒಂಬತ್ತು ಸರಿಯಾಗಿ ದಾಟಿದವು. ಹತ್ತನೆಯದು ಕಪ್ಪು, ಗೆರೆಯುಳ್ಳದ್ದು. ಯಂತ್ರ ಅದಕ್ಕೆ ಹಸಿರು ದೀಪ ಹಾಕಿತು. ಕ್ಯಾಮೆರಾದ ಮುಚ್ಚಳ ತೆಗೆದು ನೋಡಿದರೆ ಗಾಜಿನ ಒಳಬದಿಯಲ್ಲಿ ಹತ್ತಿಯ ಪುಡಿ, ತೆಳ್ಳಗೆ, ಹಾಲಿನ ಕೆನೆಯಂತೆ ಕೂತಿತ್ತು.

ಹಿರಿಯ ಹೆಂಗಸು ನನ್ನ ಹೆಗಲ ಮೇಲಿಂದ ಇಣುಕಿ ನೋಡಿದಳು. ಹೆಂಗಸರಿಗೆ ದೀಪದ ಮೇಜು ಹಚ್ಚಲು ಕೂಗಿ ಹೇಳಿ, ಯಂತ್ರದ ಬೆನ್ನು ತಟ್ಟಿದಳು.

"ಹೋಗು," ಎಂದಳು ಅದಕ್ಕೆ, "ಹೋಗಿ ಅಣ್ಣನ ಪಕ್ಕ ಕೂತು ಕಂಡಿಕೆ ಸುತ್ತು."